ಕ್ಷೇತ್ರಕಾರ್ಯದಲ್ಲಿ ಒಪ್ಪಿಗೆ ಪಡೆಯುವ ಬಗೆ: ಸಂಶೋಧನಾರ್ಥಿಗಳಿಗೆ ಮಾರ್ಗದರ್ಶಿ

ಜನರ ಆರೋಗ್ಯದ ಕುರಿತು ಪಿಎಚ್‌.ಡಿ. ಅಧ್ಯಯನ ಕೈಗೊಳ್ಳುವವರು ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೊರಡುವ ಮೊದಲೇ ನೈತಿಕ ಸಮಿತಿಯ (ಅಧ್ಯಯನದಲ್ಲಿ ಭಾಗವಹಿಸುವವರ ಹಿತ ಕಾಪಾಡಲು ಸಂಶೋಧನಾ ಯೋಜನೆಯನ್ನು ಪರಿಶೀಲಿಸುವ ಸಮಿತಿ) ಅನುಮೋದನೆ ಪಡೆದಿರಬೇಕು. ಮಾಹಿತಿ ಸಂಗ್ರಹಿಸಿದ ಮೇಲೆ ಪಡೆಯುವ ಅನುಮೋದನೆಗೆ ಅರ್ಥವಿಲ್ಲ.

ಒಪ್ಪಿಗೆ ಪತ್ರವನ್ನು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಬರೆಯಿರಿ. ಓದು ಬಾರದ ಅಜ್ಜಿಯೊಬ್ಬರು ಎದುರಿಗಿದ್ದರೆ, ಇಂಕ್ ಪ್ಯಾಡ್ ತೆರೆಯುವ ಮುನ್ನ ಪತ್ರವನ್ನು ಪೂರ್ತಿಯಾಗಿ ಓದಿ ಹೇಳಿ, “ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಅಜ್ಜಿ, ಅದರಿಂದ ನಿಮ್ಮ ಪಿಂಚಣಿಗಾಗಲಿ ರೇಷನ್‌ಗಾಗಲಿ ತೊಂದರೆಯಾಗದು” ಎಂದು ಸ್ಪಷ್ಟಪಡಿಸಿ, ಅವರಿಗೆ ಏನು ಅರ್ಥವಾಯಿತೆಂಬುದನ್ನು ಅವರ ಮಾತಿನಲ್ಲೇ ಕೇಳಿ ತಿಳಿದುಕೊಳ್ಳಿ. ಹೆಬ್ಬೆಟ್ಟಿನ ಗುರುತನ್ನು ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಸಮಕ್ಷಮದಲ್ಲೇ ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಆಶಯ. ಪತ್ರದ ಒಂದು ಪ್ರತಿ ಅವರಲ್ಲೇ ಉಳಿಯಲಿ.

ಪಂಚಾಯಿತಿ ಸದಸ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದೊಯ್ದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ನಾಳೆಯೂ ಅವರ ಬಳಿಗೇ ಹೋಗಬೇಕಾದ ಜನ ಅವರೆದುರು “ಬೇಡ” ಎನ್ನಲು ಹಿಂಜರಿಯುತ್ತಾರೆ. ಇದು ಒತ್ತಾಯವೇ ಎಂದು ನಾನು ದೃಢವಾಗಿ ನಂಬುತ್ತೇನೆ. ಪರಿಚಯ ಮಾಡಿಕೊಟ್ಟ ಬಳಿಕ ಅವರನ್ನು ಕಳುಹಿಸಿಕೊಡಿ.

ಉತ್ತರಪತ್ರಗಳ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆಯನ್ನಷ್ಟೇ ಬರೆದು, ಹೆಸರುಗಳ ಪಟ್ಟಿಯನ್ನು ಬೇರೆಡೆ ಬೀಗ ಹಾಕಿಡಿ. ಹಳ್ಳಿ ಚಿಕ್ಕದಾಗಿದ್ದರೆ ಪ್ರಬಂಧದಲ್ಲಿ ಊರಿನ ಹೆಸರನ್ನೂ ಬದಲಿಸಿ, ಹಾಗೆ ಬದಲಿಸಿರುವುದನ್ನು ನಮೂದಿಸಿ.