ಮೊದಲು ಬಣವೆ ಒಟ್ಟಿ, ಆಮೇಲೆ ದನ ತನ್ನಿ

ಜಪ್ತಿಯಾದ ಎತ್ತು, ಗೊಡ್ಡು ಬಿದ್ದ ಎಮ್ಮೆ, ಕಾಲು ಮುರಿದ ಟಗರು. ಇಂಥವಕ್ಕೆ ಕಾಯಂ ನೆಲೆ ಮಾಡಿಕೊಡುವ ಮನಸ್ಸಿರುವವರು ವಿಜಯಪುರ, ಬಾಗಲಕೋಟೆ ಕಡೆ ಕಡಿಮೆಯೇನಿಲ್ಲ. ಆದರೆ ಕೆಲಸ ಶುರುವಾಗುವುದು ಹಿಂದುಮುಂದಾಗಿ. ಪತ್ರಾಸು ಹೊದಿಸಿ, ಬೋರ್ಡು ಬರೆಸಿ, ದನ ತುಂಬಿಸಿಕೊಂಡು, ಏಪ್ರಿಲ್ ಬಂದಾಗ ಮೇವು ಹುಡುಕಲು ಹೊರಡುತ್ತಾರೆ. ಚೆನ್ನಾಗಿ ಮೇದ ಖಿಲಾರಿ ತಳಿಯ ಎತ್ತು 20 ವರ್ಷ ಬದುಕಬಲ್ಲದು. ಹತ್ತು ವರ್ಷದ ಎತ್ತನ್ನು ಒಳಗೆ ಬಿಟ್ಟುಕೊಂಡರೆ ಇನ್ನೂ ಹತ್ತು ವರ್ಷದ ಮೇವಿಗೆ ಮಾತು ಕೊಟ್ಟಂತೆಯೇ.

ಮೇವಿನ ಲೆಕ್ಕ

400 ಕಿಲೊ ತೂಗುವ ಎತ್ತಿಗೆ ದಿನಕ್ಕೆ 8ರಿಂದ 10 ಕಿಲೊ ಒಣಮೇವು ಬೇಕು, ವರ್ಷಕ್ಕೆ ಸುಮಾರು ಮೂರು, ಮೂರೂವರೆ ಟನ್. ಕುಡಿಯುವ ನೀರು ದಿನಕ್ಕೆ 40ರಿಂದ 50 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಇದನ್ನು ಆ ಹತ್ತು ವರ್ಷಕ್ಕೆ ಗುಣಿಸಿ ನೋಡಿ, ಆಮೇಲೆ ಎಷ್ಟು ದನ ಎಂದು ನಿರ್ಧರಿಸಿ.

ಹಿಂಗಾರಿ ಜೋಳದ ರಾಶಿ ನಡೆಯುವ ಫೆಬ್ರುವರಿ, ಮಾರ್ಚ್‌ನಲ್ಲೇ ಹೊಲಕ್ಕೆ ಹೋಗಿ ಇಡೀ ವರ್ಷದ ಕಣಿಕೆ (ಜೋಳದ ಒಣ ದಂಟು) ಕೊಳ್ಳಿ. ಬಣವೆಯ ಬುಡಕ್ಕೆ ಕಲ್ಲು, ಕಟ್ಟಿಗೆ ಹಾಸಿರಲಿ. ಎರೆ ನೆಲದ ತೇವ ಏರಿದರೆ ಕೆಳಗಿನ ಸೂಡುಗಳಿಗೆ (ಕಟ್ಟುಗಳಿಗೆ) ಬೂಸ್ಟು ಹಿಡಿಯುತ್ತದೆ. ಎಲ್ಲವನ್ನೂ ಒಂದೇ ಬಣವೆ ಮಾಡಬೇಡಿ. ಒಂದು ಬೀಡಿ ಸಾಕು, ವರ್ಷದ ಮೇವು ಬೂದಿ. ಶೇಂಗಾ, ತೊಗರಿ, ಕಡಲೆಯ ಹೊಟ್ಟನ್ನೂ ಕೂಡಿಡಿ. ಬೆಳಗಾವಿ ಕಡೆಯವರಿಗೆ ಕಾರ್ಖಾನೆ ಹಂಗಾಮಿನಲ್ಲಿ ಕಬ್ಬಿನ ವಾಡೆ (ತುದಿಯ ಹಸಿರು ಸೋಗೆ) ಧಾರಾಳ. ಆದರೆ ಅದೊಂದನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಮೈಯ ಸುಣ್ಣದಂಶವನ್ನು ಕಸಿಯುತ್ತದೆ. ಜೊತೆಗೆ ಖನಿಜ ಮಿಶ್ರಣ ಕೊಡಿ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳವನ್ನಂತೂ ಹತ್ತಿರ ತರಬೇಡಿ, ಅದರ ಸೈನೈಡ್ ವಿಷಕ್ಕೆ ದನ ನಿಂತಲ್ಲೇ ಬೀಳುತ್ತದೆ.

ನೆಲ ಮತ್ತು ಕಾಗದ

ನಮ್ಮ ಕರಿ ಎರೆ ಮಳೆಗಾಲದಲ್ಲಿ ಮೊಣಕಾಲುದ್ದದ ರಾಡಿ. ಅದರಲ್ಲೇ ನಿಂತ ದನದ ಗೊರಸು ಕೊಳೆಯುತ್ತದೆ. ದುಬಾರಿ ಶೆಡ್ಡಿಗಿಂತ ನೆಲ ಎತ್ತರಿಸಿ ಗರಸು ಮಣ್ಣು ಹಾಕಿಸುವುದಕ್ಕೆ ದುಡ್ಡು ಸುರಿಯಿರಿ. ಒಂದು ಹಸುವಿಗೆ ಸೂರಿನಡಿ ಮೂರೂವರೆ ಚದರ ಮೀಟರ್, ಬಯಲಿನಲ್ಲಿ ಅದರ ಎರಡರಷ್ಟು ಜಾಗ ಬೇಕು. ಕುರಿ, ಆಡಿಗೆ ಒಳಗೆ ಒಂದು, ಹೊರಗೆ ಎರಡು ಚದರ ಮೀಟರ್.

ಟ್ರಸ್ಟ್ ನೋಂದಣಿಯಾಗದೆ ಜಪ್ತಿ ದನಕ್ಕೆ ಕೈ ಹಾಕಬೇಡಿ. ಪೊಲೀಸರು ತಂದು ಬಿಡುವ ದನ ಪ್ರಕರಣ ಮುಗಿಯುವವರೆಗೆ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ಸ್ವತ್ತು, ನಿಮ್ಮದಲ್ಲ. ಪಂಚನಾಮೆಯ ಪ್ರತಿ, ಒಪ್ಪಿಸಿದ ಪತ್ರ, ಪ್ರತಿ ದನದ ಫೋಟೊ ಅಂದೇ ಫೈಲಿಗೆ ಸೇರಲಿ. ಪ್ರಾಣಿ ಹಿಂಸೆ ಪ್ರಕರಣಗಳ ಮುದ್ದೆಮಾಲು ಪ್ರಾಣಿಗಳ ಆರೈಕೆಗೆಂದೇ 2017ರ ಕೇಂದ್ರ ನಿಯಮಗಳಿವೆ. ಪೋಷಣೆಯ ಖರ್ಚಿನ ವಿಷಯವೂ ಅವುಗಳಲ್ಲಿದೆ. ವಕೀಲರ ಮೂಲಕ ಆ ಖರ್ಚನ್ನು ಕೇಳಿ. ನಾಚಿಕೆ ಬೇಡ.

ಬಂದ ಮೊದಲ ಮೂರು ವಾರ

ಹೊಸ ದನ ಹಳೆಯವುಗಳ ಜೊತೆ ಬೆರೆಯುವಂತಿಲ್ಲ. ಬೇರೆ ದಾವಣಿ, ಬೇರೆ ಗೋದಲಿ, ಸಾಧ್ಯವಾದರೆ ಬೇರೆ ಆಳು. ಪಶುವೈದ್ಯರು ನೋಡಿ, ಕಾಲುಬಾಯಿ ಬೇನೆ, ಗಳಲೆ ರೋಗ, ಚಪ್ಪೆ ಬೇನೆ, ಚರ್ಮಗಂಟು ರೋಗದ ಲಸಿಕೆ ಯಾವಾಗ ಎಂದು ಹೇಳಲಿ. ಕಿವಿಗೆ 12 ಅಂಕಿಯ ಗುರುತಿನ ಓಲೆ ಹಾಕಿಸಿ. ಪಶು ಆಂಬುಲೆನ್ಸಿನ 1962 ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಡಿ.

ಹಸಿದ ದನಕ್ಕೆ ಕನಿಕರದಿಂದ ಜೋಳದ ಹಿಟ್ಟು, ಅನ್ನ ಸುರಿಯುವುದೇ ಹೆಚ್ಚಾಗಿ ಅದರ ಜೀವ ತೆಗೆಯುತ್ತದೆ. ಹೊಟ್ಟೆ ಹುಳಿಯಾಗಿ, ಉಬ್ಬಿ, ರಾತ್ರಿ ಕಳೆಯುವಷ್ಟರಲ್ಲಿ ಮಲಗಿಬಿಡುತ್ತದೆ. ಮೊದಲ ವಾರ ಬರೀ ಒಣಮೇವು, ನೀರು. ಹಿಂಡಿ ಆಮೇಲೆ, ಹಿಡಿ ಹಿಡಿಯಾಗಿ. ಹಲ್ಲು ಸವೆದ ಮುದಿ ಎತ್ತಿಗೆ ಉದ್ದ ಕಣಿಕೆ ಅಗಿಯಲಾಗದು. ಕತ್ತರಿಸಿ, ನೀರು ಚಿಮುಕಿಸಿ ಕೊಡಿ. ಲಾಳ ಹೊಡೆದ ಎತ್ತಾದರೆ ಬಲ್ಲವರನ್ನು ಕರೆಸಿ ಲಾಳ ತೆಗೆಸಿ. ಎತ್ತು ತಲೆ ಒಂದು ಕಡೆ ವಾಲಿಸುತ್ತಿದ್ದರೆ, ಕೋಡನ್ನು ಕಂಬಕ್ಕೆ ತಿಕ್ಕುತ್ತಿದ್ದರೆ, ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ ಕೋಡಿನ ಕ್ಯಾನ್ಸರ್ ಇರಬಹುದು, ವಯಸ್ಸಾದ ಎತ್ತುಗಳಲ್ಲಿ ಇದು ಅಪರೂಪವಲ್ಲ. ಬೇಗ ತೋರಿಸಿದರೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಬಹುದು.

ಹೋರಿ, ಟಗರು, ಹೋತಗಳ ಬೀಜ ಒಡೆಸುವುದಕ್ಕೆ ತಡ ಮಾಡಬೇಡಿ. ಕರು ಹುಟ್ಟಿದರೆ ನೋಡಲು ಚೆಂದವೇ, ಆದರೆ ಅದು ಹೊರಗೆ ಕಾಯುತ್ತಿರುವ ಇನ್ನೊಂದು ದನದ ಜಾಗ. ಹಾಗೆಯೇ ಬಣವೆ ಅರ್ಧಕ್ಕಿಳಿದ ವರ್ಷ ಯಾರೇ ಫೋನ್ ಮಾಡಿದರೂ ‘ಈಗ ಆಗದು’ ಎನ್ನಿ. ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ.

ದುಡ್ಡು

ರಾಜ್ಯ ಸರ್ಕಾರ 2022ರಲ್ಲಿ ತಂದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸನ್ನು ದತ್ತು ಪಡೆಯಲು ದಾನಿ ವರ್ಷಕ್ಕೆ 11,000 ರೂಪಾಯಿ ಕೊಡಬೇಕು ಎಂದಿತ್ತು. ದಿನಕ್ಕೆ 30 ರೂಪಾಯಿ. ಮೇವು, ಆಳು, ಔಷಧಿ ಎಲ್ಲ ಅದರಲ್ಲಿ ಮುಗಿಯುವುದಿಲ್ಲವೆಂದು ದನ ಕಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ತಿಪ್ಪೆಗೊಬ್ಬರಕ್ಕೆ ದ್ರಾಕ್ಷಿ, ದಾಳಿಂಬೆ ತೋಟದವರಿದ್ದಾರೆ. ದುಡ್ಡಿನ ಬದಲು ಮೇವು ಕೊಟ್ಟರೂ ಸರಿಯೇ. ಕಾರಹುಣ್ಣಿಮೆಗೆ ಹೋಳಿಗೆ ಹಿಡಿದು ಬರುವವರಿಗೆ ಮುಂದಿನ ಸಲ ಒಂದು ಸೂಡು ಕಣಿಕೆ ತನ್ನಿ ಎಂದು ಹೇಳಿ ಕಳಿಸಿ.

ದನ ಸತ್ತಾಗ ಮಾಡುವ ಕೆಲಸವೂ ಮೊದಲೇ ಗೊತ್ತಿರಲಿ. ಬಾವಿ, ಕೊಳವೆಬಾವಿಯಿಂದ ದೂರ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕು. ಮುದ್ದೆಮಾಲಿನ ದನವಾದರೆ ಹೂಳುವ ಮೊದಲು ಠಾಣೆಗೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಕಿವಿಯೋಲೆಯ ಸಂಖ್ಯೆ ಬರೆಸಿದ ವರದಿ ಪಡೆಯಿರಿ. ಇಲ್ಲದಿದ್ದರೆ ಆ ದನ ಎಲ್ಲಿ ಹೋಯಿತೆಂದು ಮುಂದೊಂದು ದಿನ ಕೋರ್ಟಿನಲ್ಲಿ ಉತ್ತರಿಸಬೇಕಾದವರು ನೀವೇ.