ಎಲೆ ತುಂಬಿದ್ದರೂ ಹೂ ಬಿಡದ ದುಂಡುಮಲ್ಲಿಗೆ

ಎರಡು ವರ್ಷ ನಮ್ಮ ಮನೆಯ ದುಂಡುಮಲ್ಲಿಗೆ ಗಿಡ ಹಸಿರು ಪೊದೆಯಾಗಿ ಹಬ್ಬಿತೇ ಹೊರತು ಒಂದು ಮೊಗ್ಗನ್ನೂ ಕೊಡಲಿಲ್ಲ. ಸಗಣಿ ಗೊಬ್ಬರದ ಜೊತೆ ಯೂರಿಯಾವನ್ನೂ ಹಾಕುತ್ತಿದ್ದೆ, ದಿನವೂ ನೀರುಣಿಸುತ್ತಿದ್ದೆ. ಕುಂಡವಿದ್ದದ್ದು ಪಡಸಾಲೆಯ ನೆರಳಿನಲ್ಲಿ. ಅಕ್ಕರೆಯೇ ಅತಿಯಾಗಿತ್ತು.

ಮಲ್ಲಿಗೆ ಮೊಗ್ಗಾಗುವುದು ಹೊಸ ಚಿಗುರಿನ ತುದಿಯಲ್ಲಿ. ಇದು ತಿಳಿದ ಮೇಲೆ ನವೆಂಬರ್ ಕೊನೆಯಲ್ಲಿ ಮನಸ್ಸು ಗಟ್ಟಿ ಮಾಡಿ ಗಿಡವನ್ನು ಒಂದೂವರೆ ಅಡಿಗೆ ಕತ್ತರಿಸಿದೆ. ಒಣಕಲು, ಸಪೂರ ಕಡ್ಡಿಗಳನ್ನೆಲ್ಲ ತೆಗೆದು, ಉಳಿದ ಎಲೆಗಳನ್ನೂ ಕಿತ್ತೆ. ಬೋಳು ಗಿಡ ನೋಡಿ ಅಮ್ಮ ಮರುಗಿದರು. ಯೂರಿಯಾ ನಿಲ್ಲಿಸಿದೆ, ನೀರು ಕಡಿಮೆ ಮಾಡಿದೆ, ಕುಂಡವನ್ನು ಆರು ಗಂಟೆ ಬಿಸಿಲು ಬೀಳುವ ತಾರಸಿಗೆ ಸಾಗಿಸಿದೆ. ಚಿಗುರು ಕಂಡ ಮೇಲೆ ಎರೆಗೊಬ್ಬರ, ಎರಡು ಹಿಡಿ ಬೂದಿ.

ಮಾರ್ಚ್‌ನಲ್ಲಿ ಮೊಗ್ಗು ಬಂತು! ಈಗ ಸಂಜೆ ಬಿರಿಯಲು ಸಿದ್ಧವಾದ ಮೊಗ್ಗುಗಳನ್ನು ಬಿಡಿಸಿ, ಒಣ ಹಸಿರು ಚಹಾ ಎಲೆಯ ಡಬ್ಬಿಯಲ್ಲಿ ಬೆರೆಸಿ ಮುಚ್ಚಿಡುತ್ತೇನೆ. ಅವು ರಾತ್ರಿ ಅರಳುವಾಗ ಪರಿಮಳವನ್ನು ಎಲೆ ಹೀರಿಕೊಳ್ಳುತ್ತದೆ. ಚೀನಾದ ಮಲ್ಲಿಗೆ ಚಹಾದ ಕ್ರಮವೂ ಇದೇ. ಬೆಳಿಗ್ಗೆ ಹೂ ತೆಗೆದುಬಿಡಬೇಕು, ಇಲ್ಲವಾದರೆ ತೇವಕ್ಕೆ ಎಲೆ ಮುಗ್ಗಾಗುತ್ತದೆ. ಚಹಾಕ್ಕೆ ಬಳಸುವ ಗಿಡಕ್ಕೆ ಕೀಟನಾಶಕ ಸಿಂಪಡಿಸುವುದಿಲ್ಲ. ಹುಳು ಕೊರೆದ ಮೊಗ್ಗುಗಳನ್ನು ಕೈಯಿಂದಲೇ ಆರಿಸಿ ತೆಗೆಯುತ್ತೇನೆ. ಮೊದಲ ದಂಡೆ ಮಾತ್ರ ಅಮ್ಮನ ಮುಡಿಗೇ ಹೋಯಿತು.