310, 315, 320: ಮಾರ್ಗಗಳಿಗೆ ನಾನು ಸಂಖ್ಯೆ ಕೊಟ್ಟ ಬಗೆ

ನನ್ನ ರೈಲು ಫೋಟೊಗಳನ್ನು ಜೋಡಿಸಿಡಲು ಪ್ರತಿ ಮಾರ್ಗಕ್ಕೂ ನಾನೇ ಒಂದು ಸಂಖ್ಯೆ ಕೊಟ್ಟಾಗ, ರೈಲುಗಳಿಗೆ 2010ರ ಡಿಸೆಂಬರಿನಿಂದ ಐದಂಕಿಯ ಸಂಖ್ಯೆಗಳಿರುವಾಗ ಹಳಿಗೇಕೆ ಇನ್ನೊಂದು ಸಂಖ್ಯೆ ಎಂದು ನಮ್ಮ ರೈಲು ಹವ್ಯಾಸಿಗಳ ಬಳಗದಲ್ಲಿ ನಕ್ಕವರೇ ಹೆಚ್ಚು. ಈಗ ಅವರೇ ಹಳೆಯ ಫೋಟೊ ಬೇಕಾದಾಗ ನನಗೆ ಕರೆ ಮಾಡುತ್ತಾರೆ. ಸುಮಾರು ಹನ್ನೊಂದು ಸಾವಿರ ಫೋಟೊಗಳಲ್ಲಿ ಕೇಳಿದ್ದನ್ನು ಅರ್ಧ ನಿಮಿಷದಲ್ಲಿ ತೆಗೆದುಕೊಡುತ್ತೇನೆ.

ಮೊದಲು ಗೇಜಿನ, ಅಂದರೆ ಎರಡು ಹಳಿಗಳ ನಡುವಿನ ಅಂತರದ, ಪ್ರಕಾರ ವಿಂಗಡಿಸಿ ಕೆಟ್ಟೆ. 1992ರಲ್ಲಿ ಶುರುವಾದ ಯುನಿಗೇಜ್ ಯೋಜನೆ ಮಾರ್ಗಗಳನ್ನು ಒಂದೊಂದಾಗಿ ಬ್ರಾಡ್‌ಗೇಜಿಗೆ ತಂದಂತೆಲ್ಲ ನನ್ನ ಕಡತಗಳು ಒಡೆದವು. ಶಿವಮೊಗ್ಗ–ತಾಳಗುಪ್ಪದ ರೈಲ್‌ಬಸ್ಸಿನ ಕಾಲದ ಚಿತ್ರಗಳು ಒಂದು ಕಡೆ, ಈಗಿನವು ಮತ್ತೊಂದು ಕಡೆ ಬಿದ್ದವು. ರೈಲ್ವೆಯದೇ ಎ, ಬಿ ಎಂಬ ವೇಗದ ವರ್ಗಗಳನ್ನೂ (ಎ ಎಂದರೆ ಗಂಟೆಗೆ 160 ಕಿ.ಮೀ., ಬಿ ಎಂದರೆ 130) ಹಚ್ಚಿ ನೋಡಿದೆ, ಆದರೆ ವೇಗ ಏರಿದರೆ ವರ್ಗವೂ ಬದಲಾಗುವುದರಿಂದ ಅದನ್ನು ಬೇಗನೆ ಬಿಟ್ಟೆ.

ದುಬಾರಿಯಾದದ್ದು ಮೂರನೆಯ ಸೋಲು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗಕ್ಕೆ 3 ಎಂದಿಟ್ಟು, ಬೆಂಗಳೂರಿನಿಂದ ಜಂಕ್ಷನ್ನುಗಳು ಬರುವ ಕ್ರಮದಲ್ಲಿಯೇ ಅರಸೀಕೆರೆಯ ಕವಲಿಗೆ 31, ಬೀರೂರಿನದಕ್ಕೆ 32, ಚಿಕ್ಕಜಾಜೂರಿನದಕ್ಕೆ 33 ಎಂದು ಸಾಲಾಗಿ ಕೊಟ್ಟಿದ್ದೆ. 2017ರಲ್ಲಿ ಚಿಕ್ಕಬಾಣಾವರದಿಂದ ಕವಲೊಡೆಯುವ ಹಾಸನದ ಹೊಸ ಮಾರ್ಗ ತೆರೆದಾಗ ಅದು ಎಲ್ಲಕ್ಕಿಂತ ಮುಂದೆ ಬಂದು ಕೂತಿತು. ನಾಲ್ಕು ಸಾವಿರದಷ್ಟು ಕಡತಗಳ ಹೆಸರು ಬದಲಾಯಿಸಲು ಒಬ್ಬ ಹುಡುಗನಿಗೆ ಕೊಟ್ಟದ್ದು, ಆಲ್ಬಮ್ಮುಗಳಿಗೆ ಹೊಸ ಚೀಟಿ ಅಚ್ಚು ಹಾಕಿಸಿದ್ದು ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ ಹೋಯಿತು.

ಆಮೇಲೆ ಹತ್ತರ ಅಂತರ ಬಿಟ್ಟೆ: ಚಿಕ್ಕಬಾಣಾವರ–ಹಾಸನ 310, ಅರಸೀಕೆರೆ–ಹಾಸನ–ಮೈಸೂರು 320, ಬೀರೂರು–ತಾಳಗುಪ್ಪ 330, ಚಿಕ್ಕಜಾಜೂರು–ಬಳ್ಳಾರಿ 340. ಸಂಖ್ಯೆಯ ಹಿಂದಿನ ಅಕ್ಷರ ಈಗ ಗೇಜನ್ನಲ್ಲ, ಮಾರ್ಗದ ಕೆಲಸವನ್ನು ಹೇಳುತ್ತದೆ: ಮುಖ್ಯ, ಕವಲು, ಕೊಂಡಿ, ಘಾಟಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ., ಅದರ 57 ಸುರಂಗಗಳೊಡನೆ, ಒಂದು ಪ್ರತ್ಯೇಕ 'ಘ' ಆಗಿದೆ. ನಾಲ್ಕು ದಿಕ್ಕಿನ ಹಳಿಗಳು ಕೂಡುವ ಹಾಸನದಲ್ಲಿ ಮಂಗಳೂರು ಮಾರ್ಗವನ್ನು ಯಾವುದರ ಕವಲೆಂದು ಹೇಗೆ ತೀರ್ಮಾನಿಸಿದೆ ಎಂಬ ಲೆಕ್ಕವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ ಅಳಿದ ಮಾರ್ಗಗಳ ಹುಚ್ಚೂ ಹಿಡಿದು, ತರೀಕೆರೆ–ನರಸಿಂಹರಾಜಪುರ ಟ್ರಾಮ್‌ವೇಯ ಜಾಡು ಹುಡುಕುತ್ತ ಮೂರು ಭಾನುವಾರ ಅಲೆದು, ಅದಕ್ಕೆ 'ಅ' ಎಂಬ ಅಕ್ಷರ ಸೇರಿಸಿದೆ. ತುಮಕೂರು–ರಾಯದುರ್ಗಕ್ಕೆ 315 ಕಾದಿದೆ. ಆ ಕಡತದಲ್ಲಿ ಈಗಿರುವುದು ತುಮಕೂರಿನ ಬದಿಯಲ್ಲಿ ತೆಗೆದ, ಹಳಿ ಬೀಳದ ಮಣ್ಣಿನ ಏರಿಯ ಮೂರು ಫೋಟೊಗಳು.